ಶಿರಸಿಯ ಅಡುಗೆಮನೆಯಲ್ಲಿ ವರ್ಮೀರ್: ಹಳೆಯ ಚಿತ್ರವೊಂದನ್ನು ಒಂದೂವರೆ ನಿಮಿಷದ ಸಿನಿಮಾ ಮಾಡುವ ಬಗೆ

ಹೆಸರಾಂತ ಚಿತ್ರವೊಂದಕ್ಕೆ ಕ್ಯಾಮೆರಾದಲ್ಲಿ ಜೀವ ತುಂಬಲು ಹೊರಟವರು ಮೊದಲು ಓಡುವುದು ಬಟ್ಟೆಯಂಗಡಿಗೆ. ಅದೇ ಬಣ್ಣದ ಉಡುಪು, ಅದೇ ಪಾತ್ರೆ, ಅದೇ ಭಂಗಿ ಎಲ್ಲವನ್ನೂ ಹೊಂದಿಸುತ್ತಾರೆ. ಆಮೇಲೆ ತೆರೆಯ ಮೇಲೆ ನೋಡಿದರೆ ಶಾಲಾ ವಾರ್ಷಿಕೋತ್ಸವದ ಸ್ತಬ್ಧಚಿತ್ರ ಕಂಡಂತೆ ಕಾಣುತ್ತದೆ. ಬಟ್ಟೆ ಸ್ವಲ್ಪ ಹೆಚ್ಚುಕಡಿಮೆಯಾದರೆ ಚಿತ್ರ ಕೆಡುವುದಿಲ್ಲ. ಬೆಳಕು ಬರುವ ದಿಕ್ಕು ತಪ್ಪಿದರೆ, ಕ್ಯಾಮೆರಾ ಒಂದು ಅಡಿ ಮೇಲಿದ್ದರೆ, ಆ ಭಂಗಿಗೆ ಮೊದಲು ಏನಾಯಿತು ಮತ್ತು ಆಮೇಲೆ ಏನಾಗುತ್ತದೆ ಎಂದು ಯೋಚಿಸದಿದ್ದರೆ ಕೆಡುತ್ತದೆ. ಈ ಬರಹದ ಹೆಚ್ಚಿನ ಪಾಲು ಆ ಮೂರರ ಬಗ್ಗೆಯೇ ಇದೆ.

ಉದಾಹರಣೆಗೆ ತೆಗೆದುಕೊಂಡಿರುವುದು ಡಚ್ ಚಿತ್ರಕಾರ ಯೊಹಾನೆಸ್ ವರ್ಮೀರ್ 1660ರ ಆಸುಪಾಸಿನಲ್ಲಿ ಬರೆದ, ಹೆಂಗಸೊಬ್ಬಳು ಹಾಲು ಹೊಯ್ಯುತ್ತಿರುವ ‘ದಿ ಮಿಲ್ಕ್‌ಮೇಡ್’ ಎಂಬ ಚಿತ್ರ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿದೆ. 45.5 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲ. ಗೋಡೆ ಕ್ಯಾಲೆಂಡರಿಗಿಂತ ದೊಡ್ಡದೇನಲ್ಲ. ಎಡಗಡೆ ಒಂದು ಕಿಟಕಿ, ಮುಂದೊಂದು ಮೇಜು, ಮೇಜಿನ ಮೇಲೆ ರೊಟ್ಟಿಯ ಬುಟ್ಟಿ, ಸುಣ್ಣ ಬಳಿದ ಹಿಂಗೋಡೆ, ಹಳದಿ ಕುಪ್ಪಸ ತೊಟ್ಟು ನೀಲಿ ಮುಂಬಟ್ಟೆ ಕಟ್ಟಿದ ಅಡುಗೆಯಾಳು. ಕೋಣೆಯಲ್ಲಿ ಚಲಿಸುತ್ತಿರುವುದು ಹಾಲಿನ ಎಳೆ ಒಂದೇ. ಮೊದಲ ಪ್ರಯತ್ನಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ: ಒಬ್ಬರೇ ಪಾತ್ರಧಾರಿ, ಒಂದೇ ಕಿಟಕಿ, ಒಂದೇ ಕೆಲಸ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಹಳೆಯ ಹೆಂಚಿನ ಮನೆಗಳ ಅಡುಗೆಮನೆ ಇದಕ್ಕೆ ಹೇಳಿ ಕಟ್ಟಿಸಿದ ಹಾಗಿದೆ.

ಮೊದಲು ಹಕ್ಕಿನ ವಿಷಯ

ವರ್ಮೀರ್ ತೀರಿಕೊಂಡದ್ದು 1675ರಲ್ಲಿ. ಚಿತ್ರದ ಮೇಲೆ ಯಾರ ಹಕ್ಕೂ ಉಳಿದಿಲ್ಲ. ದೊಡ್ಡ ಗಾತ್ರದ ಫೈಲನ್ನು ಮ್ಯೂಸಿಯಂ ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ, ಅದನ್ನೇ ಇಳಿಸಿಕೊಳ್ಳಿ. ಬೇರೆಲ್ಲೋ ಸಿಗುವ ಪ್ರತಿಗಳಲ್ಲಿ ಹಳದಿ ಜಾಸ್ತಿಯಿರುತ್ತದೆ, ಅಂಚು ಕತ್ತರಿಸಿರುತ್ತದೆ.

ರವಿವರ್ಮ 1906ರಲ್ಲಿ ತೀರಿಕೊಂಡವರು, ಅವರ ಚಿತ್ರಗಳಿಗೂ ಅಡ್ಡಿಯಿಲ್ಲ. ಆದರೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವನ್ನು ಆರಿಸಿಕೊಳ್ಳುವವರು ಎಚ್ಚರ ವಹಿಸಬೇಕು. ಅದು ರವಿವರ್ಮರದ್ದೆಂದು ಬಹಳ ಜನ ನಂಬಿದ್ದಾರೆ, ನಿಜಕ್ಕೂ ಬರೆದವರು ಎಸ್.ಎಲ್. ಹಳದಣಕರ್. ಅವರು ತೀರಿಕೊಂಡದ್ದು 1968ರಲ್ಲಿ. ನಮ್ಮ ಕಾನೂನಿನಲ್ಲಿ ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಹಕ್ಕು ಇರುತ್ತದೆ. ಅಂದರೆ 2028ರ ಕೊನೆಯವರೆಗೆ ಆ ಚಿತ್ರಕ್ಕೆ ಅನುಮತಿ ಬೇಕು.

ಚಿತ್ರವನ್ನು ಓದುವುದು

ಒಂದು ಸಂಜೆ ಪೂರ್ತಿ ಇದಕ್ಕೆ ಕೊಡಿ. ಪ್ರತಿಯನ್ನು ಎ3 ಹಾಳೆಯಲ್ಲಿ ಮುದ್ರಿಸಿ, ಪೆನ್ಸಿಲ್ ಮತ್ತು ಅಡಿಪಟ್ಟಿ ಹಿಡಿದು ಕೂರಿ.

ಮೊದಲು ಕಿಟಕಿಯ ಅಡ್ಡಪಟ್ಟಿಗಳ ಗೆರೆಗಳನ್ನು ಬಲಕ್ಕೆ ಎಳೆಯುತ್ತಾ ಹೋಗಿ. ಅವೆಲ್ಲ ಬಂದು ಸೇರುವ ಜಾಗ, ಹೂಜಿ ಹಿಡಿದ ಬಲಗೈಯ ತುಸು ಮೇಲೆ. ನೋಡುವವರ ಕಣ್ಣಿನ ಎತ್ತರ ಅದೇ. ವರ್ಮೀರ್ ತನ್ನ ಹಲವು ಚಿತ್ರಗಳಲ್ಲಿ ಇಂಥ ಬಿಂದುವಿಗೆ ಸೂಜಿ ಚುಚ್ಚಿ, ಸುಣ್ಣದಪುಡಿ ಮೆತ್ತಿದ ದಾರ ಕಟ್ಟಿ ಗೆರೆ ಹೊಡೆಯುತ್ತಿದ್ದ. ನಮ್ಮ ಬಡಗಿಗಳು ಮರದ ಮೇಲೆ ನೂಲು ಹೊಡೆಯುವ ಹಾಗೆಯೇ. ನಿಮ್ಮ ಲೆನ್ಸು ನಿಲ್ಲಬೇಕಾದದ್ದು ಆ ಬಿಂದುವಿನ ಎದುರಿಗೆ, ಅದೇ ಎತ್ತರದಲ್ಲಿ.

ಎರಡನೆಯದಾಗಿ ಗೋಡೆಯನ್ನು ನೋಡಿ, ಹೆಂಗಸನ್ನು ಬೆರಳಿನಿಂದ ಮುಚ್ಚಿ. ಕಿಟಕಿಯ ಪಕ್ಕದ ಗೋಡೆ ಕತ್ತಲೆ, ಬಲಕ್ಕೆ ಹೋದಂತೆ ಗೋಡೆ ಬೆಳ್ಳಗೆ. ಈಗ ಬೆರಳು ತೆಗೆಯಿರಿ. ಬೆಳಕು ಬಿದ್ದ ಅವಳ ಕೆನ್ನೆ, ಭುಜ ಕತ್ತಲೆ ಗೋಡೆಯ ಮೇಲೆ ಬರುತ್ತವೆ. ನೆರಳಿನಲ್ಲಿರುವ ಬೆನ್ನಿನ ಬದಿ ಬೆಳ್ಳಗಿನ ಗೋಡೆಯ ಮೇಲೆ ಬರುತ್ತದೆ. ಅವಳು ಗೋಡೆಯಿಂದ ಎದ್ದು ನಿಂತಂತೆ ಕಾಣುವುದು ಈ ಅದಲುಬದಲಿನಿಂದ. ನೆರಳಿನ ಬದಿಯಲ್ಲಿ ತೆಳ್ಳನೆಯ ಬಿಳಿ ಅಂಚೂ ಇದೆ. ಇದೊಂದನ್ನು ಹಿಡಿಯದೆ ಚಿತ್ರೀಕರಣಕ್ಕೆ ಇಳಿದವರ ಹೆಂಗಸು ಗೋಡೆಗೆ ಅಂಟಿಸಿದ ಕಾಗದದಂತೆ ಕಾಣುತ್ತಾಳೆ, ಎಷ್ಟು ದುಬಾರಿ ಕ್ಯಾಮೆರಾ ಇದ್ದರೂ ಅಷ್ಟೆ.

ಮೂರನೆಯದು, ಏನಿಲ್ಲ ಎನ್ನುವುದು. ವರ್ಮೀರ್ ಮೊದಲು ಅವಳ ತಲೆಯ ಹಿಂದೆ ಹೂಜಿಗಳನ್ನು ತೂಗುಹಾಕುವ ಹಲಗೆಯನ್ನೂ ಕೆಳಗಡೆ ಬೆಂಕಿಬುಟ್ಟಿಯನ್ನೂ (ಕೆಂಡ ಇಡುವ ಬುಟ್ಟಿ) ಬರೆದು, ಆಮೇಲೆ ಬಣ್ಣ ಹಚ್ಚಿ ಮುಚ್ಚಿದ್ದ ಎಂಬುದು 2022ರಲ್ಲಿ ಮ್ಯೂಸಿಯಂ ನಡೆಸಿದ ಪರೀಕ್ಷೆಯಲ್ಲಿ ಹೊರಬಿತ್ತು. ಉಳಿದದ್ದು ಬರಿಯ ಗೋಡೆ, ಕೆಲವು ಮೊಳೆ, ಮೊಳೆ ಕಿತ್ತ ತೂತು. ನಿಮ್ಮ ಅಡುಗೆಮನೆಯ ಸಾಂಬಾರ ಡಬ್ಬಿಯ ಸಾಲು, ಕ್ಯಾಲೆಂಡರು, ಸ್ವಿಚ್ ಬೋರ್ಡು ಎಲ್ಲ ಹೋಗಬೇಕು. ಮೊಳೆಗಳು ಇರಬೇಕು.

ಕೋಣೆ ಮತ್ತು ಕಿಟಕಿ

ಉತ್ತರದ ಕಿಟಕಿ ಹುಡುಕಿ ಎಂದು ಯುರೋಪಿನ ಪುಸ್ತಕಗಳೆಲ್ಲ ಹೇಳುತ್ತವೆ. ನಮ್ಮಲ್ಲಿ ಆ ಮಾತನ್ನು ಹಾಗೇ ನಂಬುವಂತಿಲ್ಲ. ಹಾಲೆಂಡಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಶಿರಸಿ, ಕಾರವಾರಗಳು ಇರುವುದು 14.6ರಿಂದ 14.8 ಡಿಗ್ರಿ ಅಕ್ಷಾಂಶದಲ್ಲಿ. ಸುಮಾರು ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಮೇ ತಿಂಗಳಲ್ಲಿ ಉತ್ತರದ ಕಿಟಕಿಯಿಂದ ನೇರ ಬಿಸಿಲಿನ ಪಟ್ಟಿ ಒಳಗೆ ಬಂದು ಬೀಳುವುದು ಇದೇ ಕಾರಣಕ್ಕೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಮೂರನೇ ವಾರದವರೆಗೂ ಬೆಳಿಗ್ಗೆ ಮತ್ತು ಸಂಜೆ ಅದೇ ತೊಂದರೆ ಇರುತ್ತದೆ. ಹಾಗಾಗಿ ಸಮಯ ಎರಡೇ: ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ ಬೆಳಿಗ್ಗೆ ಒಂಬತ್ತೂವರೆಯಿಂದ ಮೂರೂವರೆಯ ತನಕ, ಇಲ್ಲವೇ ಜಡಿಮಳೆಗಾಲ.

ಮಳೆಗಾಲದ ಮೋಡದ ಬೆಳಕು ನಿಜಕ್ಕೂ ವರ್ಮೀರನ ಬೆಳಕು. ಮೆತ್ತಗೆ, ತುಸು ನೀಲಿ, ಒಂದೇ ಸಮ. ಆದರೆ ಹೆಂಚಿನ ಮೇಲೆ ಮಳೆಯ ಸದ್ದು ಬಿಡುವುದಿಲ್ಲ, ದಟ್ಟ ಮೋಡ ಬಂದಾಗ ಹತ್ತು ನಿಮಿಷದಲ್ಲಿ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಸದ್ದನ್ನು ಬೇರೆ ದಿನ ಹಿಡಿಯುವ ತಯಾರಿ ಇದ್ದರೆ ಮಳೆಗಾಲವೇ ಮೇಲು.

ಯಾವ ಕಾಲವಾದರೂ ಒಂದು ದಿನ ಮುಂಚೆ ಆ ಕೋಣೆಯಲ್ಲಿ ಒಬ್ಬರನ್ನು ನಿಲ್ಲಿಸಿ, ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಗಂಟೆಗೊಂದು ಫೋಟೊ ತೆಗೆಯಿರಿ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ) ಬದಲಿಸಬೇಡಿ. ಎಂಟು ಫೋಟೊ ಪಕ್ಕಪಕ್ಕ ಇಟ್ಟರೆ ಚಿತ್ರೀಕರಣದ ವೇಳಾಪಟ್ಟಿ ತಾನಾಗಿ ಸಿಗುತ್ತದೆ.

ಅಡಿಕೆ ತೋಟದ ಕಡೆ ತೆರೆದ ಕಿಟಕಿಗೆ ಇನ್ನೊಂದು ಕಾಟವಿದೆ. ಒಳಬರುವ ಬೆಳಕೇ ಹಸಿರು. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾದಲ್ಲಿ ಮುಖ ಕಾಮಾಲೆ ಹಿಡಿದಂತೆ ಬರುತ್ತದೆ. ಮೇಜಿನ ಮೇಲೆ ಬಿಳಿ ಪಿಂಗಾಣಿ ತಟ್ಟೆ ಇಟ್ಟು ಪರದೆಯಲ್ಲಿ ನೋಡಿ. ತಟ್ಟೆ ಹಸಿರಾಗಿ ಕಂಡರೆ ಕಿಟಕಿಯ ಹೊರಗೆ ಎರಡು ಮೂರು ಅಡಿ ದೂರದಲ್ಲಿ ನೆಲದ ಮೇಲೆ ಬಿಳಿ ಪಂಚೆಗಳನ್ನು ಹಾಸಿ, ಎದುರಿಗೆ ತಂತಿ ಕಟ್ಟಿ ಇನ್ನೊಂದನ್ನು ಇಳಿಬಿಡಿ. ಆಕಾಶದ ಬೆಳಕು ಅವುಗಳಿಂದ ಪುಟಿದು ಒಳಗೆ ಬರುತ್ತದೆ. ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿದರೆ ಬೆಳಕು ಮೆತ್ತಗಾಗುತ್ತದೆ, ಹಸಿರು ಹೋಗುವುದಿಲ್ಲ. ಇವೆರಡೂ ಬೇರೆಬೇರೆ ಕೆಲಸ.

ಕಾರವಾರ, ಅಂಕೋಲಾ, ಕುಮಟಾದ ಸಮುದ್ರದಂಚಿನ ಮನೆಗಳಲ್ಲಿ ಪಡುವಣ ಕಿಟಕಿಯ ಆಸೆ ಬಿಡಿ. ಮಧ್ಯಾಹ್ನದ ನಂತರ ನೀರಿನ ಹೊಳಪು ಚಾವಣಿಯ ಮೇಲೆ ಕುಣಿಯುತ್ತದೆ. ನೋಡಲು ಚೆಂದ, ಈ ಚಿತ್ರಕ್ಕೆ ಸಲ್ಲದು. ಎ.ಸಿ. ಕೋಣೆಯಲ್ಲಿಟ್ಟ ಕ್ಯಾಮೆರಾವನ್ನು ಕರಾವಳಿಯ ಸೆಕೆಗೆ ತಂದರೆ ಲೆನ್ಸಿಗೆ ಮಂಜು ಹಿಡಿಯುತ್ತದೆ. ಚೀಲದಲ್ಲಿಯೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆಗೆಯಿರಿ. ಉಪ್ಪಿನ ಪಸೆಯನ್ನು ಒಣಬಟ್ಟೆಯಲ್ಲಿ ತಿಕ್ಕಬೇಡಿ, ಲೆನ್ಸ್ ದ್ರಾವಣ ತಾಗಿಸಿ ಒರೆಸಿ.

ಬಲಗಡೆ ಮಾತ್ರ ಕಿಟಕಿ ಇರುವ ಕೋಣೆ ಸಿಕ್ಕರೆ ತಿರುಗುಮುರುಗು ಚಿತ್ರೀಕರಿಸಿ ಎಡಿಟಿಂಗಿನಲ್ಲಿ ಮಗುಚಬಹುದು. ಆದರೆ ಆಗ ಸೆರಗು ಬಲಭುಜಕ್ಕೆ ಹೋಗಿರುತ್ತದೆ, ನಮ್ಮವರ ಕಣ್ಣಿಗೆ ಕೂಡಲೇ ಕುಟುಕುತ್ತದೆ. ಚಿತ್ರೀಕರಿಸುವಾಗಲೇ ಸೆರಗನ್ನು ಬಲಕ್ಕೆ ಹಾಕಿ, ಎಡಗೈಯಲ್ಲಿ ಹೂಜಿಯ ಹಿಡಿ ಹಿಡಿಸಿ.

ಗೋಡೆ

ಹೊಳೆಯುವ ಎಮಲ್ಶನ್ ಗೋಡೆ ಬೇಡ. ಸುಣ್ಣವೇ ಬೇಕು. ಬೆಳಕನ್ನು ಹೀರಿ ಸಮನಾಗಿ ಹರಡುವ ಗುಣ ಸುಣ್ಣಕ್ಕಿದೆ. ಆದರೆ ಹೊಸ ಸುಣ್ಣ ಕ್ಯಾಮೆರಾಕ್ಕೆ ವಿಪರೀತ ಬಿಳಿ, ಹಾಲಿಗಿಂತ ಗೋಡೆಯೇ ಬೆಳ್ಳಗಾದರೆ ಚಿತ್ರ ಮುಗಿಯಿತು. ಐದು ಲೀಟರ್ ಸುಣ್ಣದ ನೀರಿಗೆ ಒಂದು ದೊಡ್ಡ ಚಮಚ ಕೆಮ್ಮಣ್ಣು, ಒಂದು ಚಿಟಿಕೆ ಇದ್ದಿಲ ಪುಡಿ ಸೇರಿಸಿ ಬಳಿದು, ಪೂರ್ತಿ ಒಣಗಿದ ಮೇಲೆ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ಹಸಿ ಇರುವಾಗ ಸುಣ್ಣ ತೋರಿಸುವ ಬಣ್ಣ ನಂಬಬೇಡಿ, ಒಣಗಿದಾಗ ಬಹಳ ತಿಳಿಯಾಗುತ್ತದೆ.

ಮೂಲ ಚಿತ್ರದಲ್ಲಿ ಗೋಡೆಯ ಬುಡಕ್ಕೆ ನೀಲಿ ಚಿತ್ತಾರದ ಡೆಲ್ಫ್ಟ್ ಬಿಲ್ಲೆಗಳ ಸಾಲಿದೆ. ಅದರ ಜಾಗಕ್ಕೆ ನಮ್ಮ ಕಾವಿ ಪಟ್ಟಿಗಿಂತ ಒಪ್ಪುವಂಥದ್ದು ಬೇರೆ ಇಲ್ಲ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ಕಾಣುವ, ಬಿಳಿಯ ಮೇಲೆ ಕೆಂಪಿನ ಆ ಕಸುಬನ್ನು ಒಂದು ಗೇಣು ಎತ್ತರಕ್ಕೆ, ಬಲಗಡೆಯ ಮೂಲೆಯಲ್ಲಿ ಮಾತ್ರ ತಂದರೆ ಸಾಕು.

ವಸ್ತುಗಳು: ನಮ್ಮದೋ, ಅವರದ್ದೋ?

ಎರಡನ್ನೂ ಬೆರೆಸಬೇಡಿ. ಡಚ್ ಟೋಪಿ ತೊಟ್ಟ ಹೆಂಗಸಿನ ಕೈಯಲ್ಲಿ ನಮ್ಮ ಹೂಜಿ ಬಂದರೆ ವೇಷದ ಹಾಗೆ ಕಾಣುತ್ತದೆ. ಆಕಾರ, ಬಣ್ಣ, ಬೆಳಕು ಅವರದ್ದು, ವಸ್ತು ಪೂರ್ತಿ ನಮ್ಮದು ಎಂಬ ದಾರಿ ಹಿಡಿಯಿರಿ. ಹಳದಿ ಕುಪ್ಪಸಕ್ಕೆ ಅರಿಶಿನ ಬಣ್ಣದ ಖಾದಿ ಅಥವಾ ಕೈಮಗ್ಗದ ರವಿಕೆ, ತೋಳು ಮೊಣಕೈ ಮೇಲಕ್ಕೆ ಸುತ್ತಿರಲಿ. ನೀಲಿ ಮುಂಬಟ್ಟೆಗೆ ಎತ್ತಿಕಟ್ಟಿದ ಗಾಢ ನೀಲಿ ಹತ್ತಿ ಸೀರೆ, ಅದರಡಿ ಕಾಣುವ ಕೆಂಪು ಲಂಗ. ಬಿಳಿ ಟೋಪಿಗೆ ತೋಟದ ಕೆಲಸಕ್ಕೆ ಹೋಗುವವರು ತಲೆಗೆ ಕಟ್ಟುವಂಥ ಬಿಳಿ ಬಟ್ಟೆ. ಪಾಲಿಯೆಸ್ಟರ್ ಯಾವುದೂ ಬೇಡ, ಕಿಟಕಿಯ ಬೆಳಕಿಗೆ ಮಿಂಚುತ್ತದೆ. ಹೊಸ ಬಟ್ಟೆಯನ್ನು ಎರಡು ಮೂರು ಸಲ ಒಗೆದು, ಇಸ್ತ್ರಿ ಹಾಕದೆ ಬಳಸಿ.

ಕಿಟಕಿಯ ಪಕ್ಕ ಗೋಡೆಗೆ ತೂಗುವ ಬೆತ್ತದ ಬುಟ್ಟಿ ಮತ್ತು ಹಿತ್ತಾಳೆ ಪಾತ್ರೆ ನಮ್ಮ ಮನೆಗಳಲ್ಲೇ ಇವೆ. ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಬೇಡಿ, ಒಂದು ವಾರ ಹಳೆಯ ಮಬ್ಬು ಬೇಕು. ಬಲಗಡೆ ನೆಲದ ಮೇಲೆ ಕಾಲು ಬಿಸಿಮಾಡಿಕೊಳ್ಳುವ ಪೆಟ್ಟಿಗೆಯಿದೆ. ಅಲ್ಲಿ ಒಂದು ಸಣ್ಣ ಮಣೆ ಇಡಬಹುದು.

ರೊಟ್ಟಿಯದ್ದೇ ತಲೆನೋವು. ವರ್ಮೀರನ ರೊಟ್ಟಿಯ ತೊಗಟೆಯ ಮೇಲೆ ಬೆಳಕಿನ ಚುಕ್ಕೆಗಳಿವೆ, ಇಬ್ಬನಿ ಬಿದ್ದಂತೆ. ನೀರ್ ದೋಸೆ, ಕಡಬು ಮಟ್ಟಸವಾಗಿ, ಮೆತ್ತಗೆ ಕಾಣುತ್ತವೆ, ಬೆಳಕಿಗೆ ಸಿಗುವುದಿಲ್ಲ. ತೊಡೆದೇವು ನಮ್ಮ ಊರಿನ ಹೆಮ್ಮೆ, ಆದರೆ ಕಾಗದದಷ್ಟು ತೆಳು. ಒರಟು ಮೈ ಬೇಕು: ಸುಟ್ಟ ಹಲಸಿನ ಹಪ್ಪಳದ ಗುಳ್ಳೆಗಳು, ಅರ್ಧ ಒಡೆದ ತೆಂಗಿನಕಾಯಿಯ ನಾರು, ಉಂಡೆ ಬೆಲ್ಲ. ಬೆಲ್ಲವನ್ನು ಕೈಯಿಂದಲೇ ಒರಟಾಗಿ ಒಡೆದು, ಒಡೆದ ಮುಖ ಕಿಟಕಿಗೆ ತೋರುವಂತೆ ಇಟ್ಟರೆ ಹರಳು ಹರಳಾಗಿ ಅದೇ ಚುಕ್ಕೆಗಳು ಬರುತ್ತವೆ. ಹಪ್ಪಳ ಕರಾವಳಿಯ ತೇವಕ್ಕೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ, ನಾಲ್ಕೈದು ಸಲ ಬದಲಿಸುವಷ್ಟು ಸುಟ್ಟು ಡಬ್ಬಿಯಲ್ಲಿಡಿ.

ಹೂಜಿ ಮತ್ತು ಹಾಲು

ಇಡೀ ಸಿನಿಮಾ ನಿಂತಿರುವುದು ಬೆರಳಗಲಕ್ಕಿಂತ ಕಿರಿದಾದ ಈ ಬಿಳಿ ಎಳೆಯ ಮೇಲೆ. ಅವಸರ ಮಾಡಬೇಡಿ.

ಗಿಂಡಿ ಬಳಸಿದರೆ ಎಳೆ ಸುಲಭವಾಗಿ ಬರುತ್ತದೆ ನಿಜ. ಆದರೆ ಚಿತ್ರದಲ್ಲಿ ಹೂಜಿಯ ಕಪ್ಪು ಬಾಯಿ ನಮ್ಮ ಕಡೆ ತೆರೆದುಕೊಂಡಿದೆ, ಆ ಕಪ್ಪಿನಿಂದಲೇ ಹಾಲು ಬೆಳ್ಳಗೆ ಕಾಣುವುದು. ಗಿಂಡಿಯಲ್ಲಿ ಆ ಕಪ್ಪು ಹೋಗುತ್ತದೆ. ಹಿಡಿಯಿರುವ ಮಣ್ಣಿನ ಹೂಜಿಯನ್ನೇ ತನ್ನಿ, ಖಾಲಿಯಿದ್ದಾಗ ಒಂದೂಕಾಲು ಕಿಲೋ ಮೀರದಂಥದ್ದು. ಹೊಸ ಮಣ್ಣಿನ ಪಾತ್ರೆ ಹಾಲು ಹೀರಿ ಹೊರಮೈಯಲ್ಲಿ ಒದ್ದೆ ಕಲೆ ತೋರಿಸುತ್ತದೆ. ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ, ಬೆಳಿಗ್ಗೆ ಹೊರಗೆ ಒರೆಸಿ ಒಣಗಿಸಿ. ಮೈಯೆಲ್ಲ ಒಂದೇ ಸಮ ಗಾಢವಾಗುತ್ತದೆ, ಆಮೇಲೆ ಕಲೆ ಕಾಣುವುದಿಲ್ಲ.

ಅಗಲ ಬಾಯಿಯಿಂದ ಹಾಲು ಪಟ್ಟಿಯಾಗಿ ಸುರಿಯುತ್ತದೆ, ಎಳೆಯಾಗಿ ಬರುವುದಿಲ್ಲ. ಅದಕ್ಕೊಂದು ಒಳಗಟ್ಟು ಹಾಕಬೇಕು. ಜೇನುಮೇಣವನ್ನು ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡಿ, ಅದರಲ್ಲಿ ಸ್ವಲ್ಪ ಕಾಡಿಗೆ ಕಲಸಿ ಕಪ್ಪಾಗಿಸಿ. ಹೂಜಿಯ ತುಟಿಯಿಂದ ಒಂದು ಅಂಗುಲ ಒಳಗೆ, ಬಾಯಿಯ ಕೆಳ ಅರ್ಧಕ್ಕೆ ಅಡ್ಡವಾಗಿ ಗೋಡೆ ಕಟ್ಟಿ. ಅದರ ತಳಕ್ಕೆ 6 ಮಿಲಿಮೀಟರ್ ಸ್ಟ್ರಾ ಚುಚ್ಚಿ ಎಳೆದು ತೂತು ಮಾಡಿ. ಮೇಲರ್ಧ ತೆರೆದಿರಲಿ, ಗಾಳಿಯಾಡದಿದ್ದರೆ ಹಾಲು ಗುಳುಗುಳು ಎಂದು ತುಂಡುತುಂಡಾಗಿ ಬರುತ್ತದೆ. ಈ ಕಟ್ಟು ಇದ್ದರೆ ಕೈ ಸ್ವಲ್ಪ ಏರುಪೇರಾದರೂ ಎಳೆ ಬದಲಾಗುವುದಿಲ್ಲ. ಮೊದಲು ನೀರು ತುಂಬಿ ಅಳೆಯಿರಿ: ಒಂದು ಲೀಟರ್ ಖಾಲಿಯಾಗಲು ಒಂದೂಕಾಲರಿಂದ ಒಂದೂವರೆ ನಿಮಿಷ ಹಿಡಿಯಬೇಕು. ಅರ್ಧ ನಿಮಿಷದಲ್ಲಿ ಮುಗಿದರೆ ತೂತು ದೊಡ್ಡದಾಗಿದೆ, ಮೇಣ ಒತ್ತಿ ಕಿರಿದು ಮಾಡಿ.

ಮಣ್ಣಿನ ತುಟಿ ದಪ್ಪ. ನಿಧಾನವಾಗಿ ಹೊಯ್ದರೆ ಹಾಲು ತುಟಿಗೆ ಅಂಟಿಕೊಂಡು, ಕೆಳಗೆ ಹೊರಳಿ ಹೂಜಿಯ ಹೊಟ್ಟೆಯ ಮೇಲೆ ಇಳಿಯುತ್ತದೆ. ತುಟಿಯ ಅಡಿಭಾಗಕ್ಕೆ ಬೆರಳಿನಿಂದ ತುಪ್ಪ ಸವರಿ. ಜಿಡ್ಡಿಗೆ ಹಾಲು ಅಂಟುವುದಿಲ್ಲ, ತುಟಿ ದಾಟಿದ ಕೂಡಲೇ ಕಳಚಿಕೊಂಡು ನೆಟ್ಟಗೆ ಬೀಳುತ್ತದೆ. ಮೂರು ಟೇಕಿಗೊಮ್ಮೆ ಮತ್ತೆ ಸವರಬೇಕು.

ಕಾಯಿಸಿ ಆರಿಸಿದ ಗಟ್ಟಿ ಹಾಲು, ಕೆನೆ ತೆಗೆದು ತೆಳು ಬಟ್ಟೆಯಲ್ಲಿ ಸೋಸಿದ್ದು, ಎರಡು ಲೀಟರ್ ಸಾಕು. ಕೆನೆಯ ಚೂರು ಬಂದು ತೂತಿಗೆ ಸಿಕ್ಕಿಕೊಂಡರೆ ಎಳೆ ವಾರೆಯಾಗುತ್ತದೆ. ನೀರು ಬೆರೆಸಿದ ಹಾಲು ತೆಳು ಎಳೆಯಲ್ಲಿ ಪಾರದರ್ಶಕವಾಗಿ ನೀಲಿಯಾಗುತ್ತದೆ, ಬೇಡ. ಹೂಜಿಗೆ ಒಂದು ಸಲಕ್ಕೆ 600 ಮಿಲಿಲೀಟರ್ ಮಾತ್ರ ಹಾಕಿ. ಹೆಚ್ಚಾದರೆ ಮೂವತ್ತು ನಲವತ್ತು ಸೆಕೆಂಡಿಗೆ ತೋಳು ನಡುಗತೊಡಗುತ್ತದೆ, ನಡುಕ ಎಳೆಯಲ್ಲಿ ಮೊದಲು ಕಾಣುತ್ತದೆ. ಬೀಳುವ ಎತ್ತರ ಒಂದು ಗೇಣಿಗಿಂತ ಜಾಸ್ತಿಯಾದರೆ ನೊರೆ ಏಳುತ್ತದೆ. ನೊರೆ ಎದ್ದರೆ ಚಮಚದಲ್ಲಿ ತೆಗೆದು ಮುಂದಿನ ಟೇಕಿಗೆ ಹೋಗಿ.

ಕ್ಯಾಮೆರಾ ಎಲ್ಲಿ

ಸುಮಾರು ಐದಡಿ ಎತ್ತರದ ಹೆಂಗಸು ಹೂಜಿ ಬಾಗಿಸಿ ನಿಂತಾಗ ಅವಳ ಮಣಿಕಟ್ಟು ನೆಲದಿಂದ 100ರಿಂದ 105 ಸೆಂಟಿಮೀಟರ್‌ನಲ್ಲಿ ಇರುತ್ತದೆ. ಲೆನ್ಸಿನ ನಡುವನ್ನು ಅದಕ್ಕಿಂತ ನಾಲ್ಕು ಬೆರಳು ಮೇಲಕ್ಕೆ, ಮಟ್ಟಗೋಲು ಇಟ್ಟು ಸಮಕ್ಕೆ ನಿಲ್ಲಿಸಿ. ಕೆಳಕ್ಕೂ ಮೇಲಕ್ಕೂ ವಾಲಿಸಬೇಡಿ, ಕಿಟಕಿಯ ನಿಲುವುಪಟ್ಟಿಗಳು ಓರೆಯಾಗುತ್ತವೆ. ನಿಂತವರ ಕಣ್ಣಿನ ಎತ್ತರದಲ್ಲಿ ಕ್ಯಾಮೆರಾ ಇಡುವುದೇ ಬಹುಪಾಲು ಜನ ಮಾಡುವ ತಪ್ಪು. ಅಲ್ಲಿಂದ ನೋಡಿದರೆ ಅವಳು ಕುಬ್ಜಳಾಗುತ್ತಾಳೆ, ಚಿತ್ರದ ಆ ಗಾಂಭೀರ್ಯ ಹೊರಟೇಹೋಗುತ್ತದೆ.

ಚಿತ್ರದ ಚೌಕಟ್ಟಿನೊಳಗೆ ಅವಳಿರುವ ಜಾಗದಲ್ಲಿ ಸುಮಾರು 165 ಸೆಂಟಿಮೀಟರ್ ಎತ್ತರ ಹಿಡಿಸಬೇಕು. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸಿಗೆ ನಾಲ್ಕು ಮೀಟರ್, 35 ಎಂಎಂಗೆ ಮೂರು ಮೀಟರಿಗೆ ತುಸು ಕಡಿಮೆ ದೂರ ಬೇಕು. ಹಳೆಯ ಅಡುಗೆಮನೆಗಳಲ್ಲಿ ಅಷ್ಟು ಜಾಗ ಇರುವುದಿಲ್ಲ, ಬಾಗಿಲಿನಿಂದಾಚೆ ಟ್ರೈಪಾಡ್ ಇಟ್ಟು ಒಳಕ್ಕೆ ನೋಡಿ. ಫೋನಿನಲ್ಲಿ ತೆಗೆಯುವವರು ಎರಡು ಪಟ್ಟಿನ ಲೆನ್ಸು ಬಳಸಿ ಹದಿಮೂರು ಅಡಿ ಹಿಂದೆ ಹೋಗಿ. ಮಾಮೂಲಿ ಲೆನ್ಸಿನಲ್ಲಿ ಆರೇಳು ಅಡಿಗೇ ಚೌಕಟ್ಟು ತುಂಬುತ್ತದೆ, ಆದರೆ ಮೇಜು ಉಬ್ಬಿ ಹೆಂಗಸು ಹಿಂದಕ್ಕೆ ಸರಿಯುತ್ತಾಳೆ.

ಮೇಜು ತಗ್ಗಿರಬೇಕು, 65ರಿಂದ 70 ಸೆಂಟಿಮೀಟರ್. ಊಟದ ಮೇಜಿನ ಎತ್ತರದ್ದಾದರೆ ಹಾಲು ಬೀಳುವ ಬೋಗುಣಿಯ ಬಾಯಿ ಬರೀ ಗೆರೆಯಾಗಿ ಕಾಣುತ್ತದೆ.

ಚೌಕಟ್ಟಿನ ಅಳತೆ ಎತ್ತರ 45.5ಕ್ಕೆ ಅಗಲ 41. 4ಕೆ ದೃಶ್ಯದಲ್ಲಿ 2160 ಎತ್ತರಕ್ಕೆ 1946 ಅಗಲ, ಎಚ್‌ಡಿಯಲ್ಲಿ 1080ಕ್ಕೆ 973. ಎರಡೂ ಬದಿ ಕಪ್ಪಾಗಿಯೇ ಬಿಡಿ. ತೆರೆ ತುಂಬಿಸಲೆಂದು ಬಲಕ್ಕೆ ಗೋಡೆ ಬೆಳೆಸಿದರೆ ವರ್ಮೀರ್ ಕೂಡಿಸಿದ ತೂಕ ತಪ್ಪುತ್ತದೆ. ಜೋಡಣೆ ಸರಿಯಿದೆಯೇ ಎಂದು ನೋಡಲು ಚಿತ್ರವನ್ನು ಓಎಚ್‌ಪಿ ಪಾರದರ್ಶಕ ಹಾಳೆಯ ಮೇಲೆ ಮಾನಿಟರಿನ ಅಳತೆಗೆ ಮುದ್ರಿಸಿ. ಏಳಿಂಚಿನ ಮಾನಿಟರಿಗೆ 87 ಮಿಲಿಮೀಟರ್ ಎತ್ತರ, 78 ಅಗಲ ಬರುತ್ತದೆ. ಅದನ್ನು ಪರದೆಗೆ ಅಂಟಿಸಿ, ಮೊದಲು ಕಿಟಕಿಯನ್ನು, ಆಮೇಲೆ ಮೇಜಿನ ಅಂಚನ್ನು, ಕೊನೆಗೆ ಹೆಂಗಸನ್ನು ಹೊಂದಿಸಿ. ಈ ಅನುಕ್ರಮ ತಪ್ಪಿಸಬೇಡಿ. ಹೆಂಗಸಿನಿಂದ ಶುರುಮಾಡಿದರೆ ಮಧ್ಯಾಹ್ನದವರೆಗೂ ಹೊಂದುವುದಿಲ್ಲ, ಅಷ್ಟರಲ್ಲಿ ಅವಳಿಗೂ ಸುಸ್ತಾಗಿರುತ್ತದೆ.

ಬೆಳಕು

ಗೋಡೆಯ ಕತ್ತಲೆ-ಬೆಳಕಿನ ಅದಲುಬದಲು ಈಗ ಬರಬೇಕು. ಕಿಟಕಿಯ ಪಕ್ಕ, ಚೌಕಟ್ಟಿಗೆ ಸಿಗದಂತೆ ಒಂದು ಕರಿ ಕಂಬಳಿಯನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ಇಳಿಬಿಟ್ಟು, ಕಿಟಕಿಯ ಬೆಳಕು ಹಿಂಗೋಡೆಯ ಎಡಭಾಗಕ್ಕೆ ತಾಗದಂತೆ ತಡೆಯಿರಿ. ಒಂದೊಂದೇ ಅಂಗುಲ ಸರಿಸುತ್ತಾ ಹೋಗಿ. ಅವಳ ಹಣೆಯೂ ಅದರ ಹಿಂದಿನ ಗೋಡೆಯೂ ಬಿರುಕು ಬಿಟ್ಟಂತೆ ಬೇರ್ಪಡುವ ಒಂದು ಜಾಗ ಸಿಗುತ್ತದೆ, ಅಲ್ಲಿ ನಿಲ್ಲಿಸಿ. ಹಿಂಗೋಡೆಯ ಬಲಭಾಗ ಸಾಕಷ್ಟು ಬೆಳಗದಿದ್ದರೆ ನಾಲ್ಕಡಿ ಥರ್ಮಾಕೋಲ್ ಹಲಗೆಯನ್ನು ಬಲಗಡೆಯ ಚೌಕಟ್ಟಿನಾಚೆ ಇಟ್ಟು ಗೋಡೆಯತ್ತ ತಿರುಗಿಸಿ, ಅವಳತ್ತ ತಿರುಗಿಸಬೇಡಿ. ಅವಳ ನೆರಳಿನ ಬದಿಗೆ ಬೆಳಕು ಪುಟಿದರೆ ದೇಹ ಚಪ್ಪಟೆ. ಗೋಡೆಯಿಂದ ಅವಳು ಎರಡೂವರೆ ಅಡಿಯಾದರೂ ಮುಂದೆ ನಿಂತಿರಬೇಕು.

ಕಾವಿ ನೆಲದ ಮನೆಗಳಲ್ಲಿ ನೆಲದ ಕೆಂಪು ಗಲ್ಲಕ್ಕೆ ಪುಟಿಯುತ್ತದೆ. ಸ್ವಲ್ಪವಿದ್ದರೆ ಲಾಭವೇ. ಹೆಚ್ಚಾದರೆ ಚೌಕಟ್ಟಿನ ಹೊರಗೆ ಕಪ್ಪು ಚಾಪೆ ಹಾಸಿ.

ಕರೆಂಟಿನ ದೀಪ ಯಾವುದೂ ಹೊತ್ತಿರಬಾರದು. ಮೋಡ ತೀರಾ ಕವಿದಾಗ ಕಿಟಕಿಯ ಹೊರಗೆ ಐದಡಿ ದೂರದಲ್ಲಿ 150 ವ್ಯಾಟಿನ ಎಲ್‌ಇಡಿ ಇಟ್ಟು, ನಡುವೆ ನಾಲ್ಕಡಿ ಚೌಕದ ಟ್ರೇಸಿಂಗ್ ಪೇಪರ್ ಪರದೆ ಕಟ್ಟಬಹುದು. ಮನೆಬಳಕೆಯ ಅಗ್ಗದ ಬಲ್ಬು ಹಾಕಬೇಡಿ, ದೃಶ್ಯ ಮಿಣಮಿಣ ಎನ್ನುತ್ತದೆ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಹಾಗಾಗಿ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಎಂಬ ಲೆಕ್ಕ ಬಿಡಬೇಡಿ.

ಅಪರ್ಚರ್ (ಲೆನ್ಸಿನ ಕಂಡಿಯ ಅಳತೆ) ಎಫ್/4. ನಾಲ್ಕು ಮೀಟರಿಗೆ 50 ಎಂಎಂನಲ್ಲಿ ಫೋಕಸ್ ಮುಂದಕ್ಕೆ ಎರಡಡಿ, ಹಿಂದಕ್ಕೆ ಮೂರಡಿ ಸಿಗುತ್ತದೆ. ಫೋಕಸನ್ನು ಹಾಲು ತುಟಿ ಬಿಡುವ ಜಾಗಕ್ಕೆ ಕೈಯಿಂದಲೇ ಇಟ್ಟು, ಆಟೋ ಫೋಕಸ್ ಬಂದ್ ಮಾಡಿ. ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿ ಎಂದು ಎಣಿಸಬೇಕೆಂದು ಕ್ಯಾಮೆರಾಕ್ಕೆ ಹೇಳುವ ಅಳತೆ) 5600 ಕೆಲ್ವಿನ್‌ಗೆ ಕಟ್ಟಿಹಾಕಿ. ಮೋಡದ ಬೆಳಕು ಆಗ ತುಸು ನೀಲಿಯಾಗಿ ಬರುತ್ತದೆ, ಅದು ಬೇಕು. ಎಕ್ಸ್‌ಪೋಷರನ್ನು ಹಾಲಿಗೆ ನೋಡಿ ಇಡಬೇಕು, ಮುಖಕ್ಕಲ್ಲ. ಎಳೆ ಬಿಳಿಯಲ್ಲಿ ಕರಗಿಹೋದರೆ ಮರಳಿ ತರಲಾಗುವುದಿಲ್ಲ. ಮುಖ ಒಂದು ಚೂರು ಕತ್ತಲಾದರೆ ಎಡಿಟಿಂಗಿನಲ್ಲಿ ಎತ್ತಬಹುದು.

ಯಾರು ಹೊಯ್ಯಬೇಕು

ನಟನೆ ಗೊತ್ತಿದ್ದವರಿಗಿಂತ ದಿನಾ ಹಾಲು ಕರೆದು, ಕಾಯಿಸಿ, ಹೊಯ್ದು ಬಲ್ಲವರು ಮೇಲು. ರಂಗಭೂಮಿಯವರು, ಯಕ್ಷಗಾನದವರು ನಿಂತಲ್ಲೇ ಕಣ್ಣಿನಲ್ಲಿ ಭಾವ ತರುತ್ತಾರೆ. ಅದು ಅವರ ವಿದ್ಯೆ, ಅದಕ್ಕೆ ಕೈಮುಗಿಯೋಣ. ಈ ಹೆಂಗಸಿಗೆ ಮಾತ್ರ ನೋಡುವವರು ಇದ್ದಾರೆಂಬ ಅರಿವೇ ಇರಬಾರದು. ಅವಳಿಗೆ ಭಂಗಿ ಹೇಳಿಕೊಡುವ ಬದಲು ಕೆಲಸ ಹೇಳಿ: "ಅಕ್ಕಾ, ಬೋಗುಣಿಯ ಈ ಗೆರೆವರೆಗೆ ಹಾಲು ಬರಬೇಕು, ಒಂದು ಹನಿ ಚೆಲ್ಲಬಾರದು." ಬೋಗುಣಿಯ ಒಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿಡಿ. ಗಮನ ಅಲ್ಲಿಗೆ ಹೋದ ಕೂಡಲೇ ಕಣ್ಣು ತಾನಾಗಿ ಕೆಳಗಿಳಿಯುತ್ತದೆ, ತುಟಿ ಸಡಿಲಾಗುತ್ತದೆ. ಕತ್ತಿನ ಓರೆ ಮಾತ್ರ ನೀವು ತಿದ್ದಿದರೆ ಸಾಕು.

ತೊಂಬತ್ತು ಸೆಕೆಂಡು

ಕ್ಯಾಮೆರಾ ಅಲುಗಬಾರದು, ಕಟ್ ಇರಬಾರದು. ಹತ್ತು ಸೆಕೆಂಡು ಖಾಲಿ ಕೋಣೆ. ಅವಳು ಬಲಗಡೆಯಿಂದ ಬಂದು, ಬೋಗುಣಿಯನ್ನು ಒಂದಿಷ್ಟು ಸರಿಸಿ, ಹೂಜಿ ಎತ್ತುತ್ತಾಳೆ. ಇಪ್ಪತ್ತೆಂಟನೇ ಸೆಕೆಂಡಿನ ಹೊತ್ತಿಗೆ ಮೊದಲ ಹನಿ, ಆಮೇಲೆ ಎಳೆ. ಮೂವತ್ತೈದರಿಂದ ಐವತ್ತೈದರವರೆಗಿನ ಇಪ್ಪತ್ತು ಸೆಕೆಂಡು ಪಾರದರ್ಶಕ ಹಾಳೆಯ ಚಿತ್ರದೊಂದಿಗೆ ಎಲ್ಲವೂ ಕೂಡಿಕೊಳ್ಳಬೇಕು. ಚಲಿಸುವುದು ಹಾಲು, ಮತ್ತು ಉಸಿರಿಗೆ ಏರಿಳಿಯುವ ಕುಪ್ಪಸ. ನಂತರ ಎಳೆ ಸಣ್ಣಗಾಗಿ ಹನಿಯಾಗುತ್ತದೆ. ಹೂಜಿ ಇಟ್ಟು, ತುಟಿಯ ಹನಿಯನ್ನು ಬೆರಳಿನಿಂದ ಒರೆಸಿ, ಬೋಗುಣಿ ಎತ್ತಿಕೊಂಡು ಹೋಗುತ್ತಾಳೆ. ಕೊನೆಗೆ ಮತ್ತೆ ಕೋಣೆ, ಹೂಜಿ, ಬುಟ್ಟಿ.

ನಿಶ್ಚಲ ಚಿತ್ರದಿಂದ ಶುರುವಾಗಿ ಫಕ್ಕನೆ ಅಲುಗಾಡುವ ಉಪಾಯವನ್ನು ಬಹಳ ಜನ ಬಳಸುತ್ತಾರೆ. ಮೊದಲ ಸಲ ಬೆರಗು ಹುಟ್ಟುತ್ತದೆ, ಎರಡನೇ ಸಲಕ್ಕೆ ಉಳಿಯುವುದಿಲ್ಲ. ಮನೆಕೆಲಸದ ನಡುವೆ ಆ ಚಿತ್ರ ಸದ್ದಿಲ್ಲದೆ ಬಂದು, ನೋಡುವವರು ಗುರುತಿಸುವಷ್ಟರಲ್ಲಿ ಕಳಚಿಹೋದರೆ ಅದು ಮನಸ್ಸಿನಲ್ಲಿ ಕೂರುತ್ತದೆ. ಸ್ಲೋ ಮೋಷನ್ ಕೂಡ ಬೇಡ, ಹಾಲಿನ ಜಾಹೀರಾತಾಗುತ್ತದೆ.

ಇಡೀ ಸರಣಿಯನ್ನು ಮೊದಲು ನೀರಿನಲ್ಲಿ ಐದಾರು ಸಲ ಅಭ್ಯಾಸ ಮಾಡಿಸಿ, ಆಮೇಲೆ ಹಾಲಿನಲ್ಲಿ ಹೆಚ್ಚೆಂದರೆ ಎಂಟು ಟೇಕ್. ಅದಕ್ಕಿಂತ ಮೇಲೆ ತೋಳು ಸೋಲುತ್ತದೆ. ಪ್ರತಿ ಟೇಕಿನ ನಡುವೆ ಐದು ನಿಮಿಷ ಕೂರಿಸಿ.

ಸದ್ದು, ಬಣ್ಣ

ಬೋಗುಣಿ ತುಂಬುತ್ತಾ ಬಂದಂತೆ ಹಾಲಿನ ಸ್ವರ ಏರುತ್ತದೆ. ಆ ಏರಿಕೆಯೇ ಈ ಸಿನಿಮಾದ ಸಂಗೀತ, ಬೇರೆ ಹಾಕಬೇಡಿ. ಮೈಕನ್ನು ಬೋಗುಣಿಯಿಂದ ಒಂದಡಿ ದೂರದಲ್ಲಿ, ಮೇಜಿನ ಅಂಚಿನ ಕೆಳಗೆ ಕಟ್ಟಿ. ಫ್ರಿಜ್ ಆರಿಸಿ, ತೋಟದ ಪಂಪು ನಿಲ್ಲಿಸಿ. ಫ್ರಿಜ್ ಮತ್ತೆ ಹಾಕಲು ಮರೆಯದಂತೆ ಬೈಕಿನ ಕೀಲಿಕೈಯನ್ನು ಅದರೊಳಗೇ ಇಟ್ಟುಬಿಡಿ. ಎಲ್ಲ ಮುಗಿದ ಮೇಲೆ ಯಾರೂ ಮಾತಾಡದೆ ಎರಡು ನಿಮಿಷ ಬರೀ ಕೋಣೆಯ ಸದ್ದು ಹಿಡಿಯಿರಿ, ಜೋಡಣೆಗೆ ಬೇಕಾಗುತ್ತದೆ.

ಎಡಿಟಿಂಗಿನಲ್ಲಿ ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಮೊದಲು ಕಪ್ಪನ್ನು ನೋಡಿ. ವರ್ಮೀರನ ನೆರಳುಗಳಲ್ಲಿ ಬಣ್ಣವಿದೆ, ಇದ್ದಿಲ ಕಪ್ಪಿಲ್ಲ. ಕಪ್ಪನ್ನು ತುಸು ಎತ್ತಿ, ಅದಕ್ಕೆ ನೀಲಿಯ ಛಾಯೆ ಕೊಡಿ. ಹಳದಿಯನ್ನು ನಿಂಬೆಯತ್ತ ತಿರುಗಿಸಿ, ಕಿತ್ತಳೆಯತ್ತ ಹೋಗಬೇಡಿ. ಮುಂಬಟ್ಟೆಯ ನೀಲಿ ಲ್ಯಾಪಿಸ್ ಕಲ್ಲು ಅರೆದು ಮಾಡಿದ ಬಣ್ಣ, ಅದಕ್ಕೊಂದು ಕೆನ್ನೇರಳೆಯ ಸೆಳೆ ಇದೆ. ನಮ್ಮ ಸೀರೆಯ ನೀಲಿ ಸಾಮಾನ್ಯವಾಗಿ ಹಸಿರಿನ ಕಡೆ ವಾಲುತ್ತದೆ, ಅಷ್ಟನ್ನು ಮಾತ್ರ ತಿದ್ದಿ. ಕ್ಯಾನ್ವಾಸಿನ ನೆಯ್ಗೆ, ಹಳೆಯ ಬಣ್ಣದ ಬಿರುಕು ಮುಂತಾದವನ್ನು ಮೇಲೆ ಹೊದಿಸುವ ಸಿದ್ಧ ಫಿಲ್ಟರುಗಳನ್ನು ಮುಟ್ಟಬೇಡಿ.

ಕೊನೆಗೆ ಗೋಡೆಯನ್ನೊಮ್ಮೆ ಫೋನಿನ ಪರದೆಯಲ್ಲಿ ನೋಡಿ. ಕತ್ತಲಿಂದ ಬೆಳಕಿಗೆ ಹೋಗುವ ಬರಿಯ ಗೋಡೆ ಫೈಲನ್ನು ಕುಗ್ಗಿಸಿದಾಗ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಬಣ್ಣದ ಏರಿಳಿತವನ್ನು ಹೆಚ್ಚು ನುಣ್ಣಗೆ ಹಿಡಿಯುವ 10 ಬಿಟ್‌ನಲ್ಲಿ ಚಿತ್ರೀಕರಿಸಿದ್ದರೆ ಈ ತೊಂದರೆ ಕಡಿಮೆ. ಆದರೂ ಬಂದರೆ ಸಣ್ಣ ಪುಡಿಯಂಥ ಗ್ರೇನ್ ಒಂದಿಷ್ಟು ಸೇರಿಸಿ, ಮೆಟ್ಟಿಲು ಕರಗಿ ಸುಣ್ಣದ ಮೈ ಮರಳಿ ಬರುತ್ತದೆ. ಮೊಳೆಗಳ ಪುಟ್ಟ ನೆರಳು ಆಗಲೂ ಕಾಣುತ್ತಿದ್ದರೆ ಫೈಲು ಕಳಿಸಬಹುದು.